ಇಂಕ್‌ಸ್ಕೇಪ್‌ನಲ್ಲಿ ಚುಕ್ಕಿ ಜಾಲ: ಟೈಲ್ಡ್ ಕ್ಲೋನ್ಸೋ, ಪ್ಯಾಟರ್ನ್ ಫಿಲ್ಲೋ?

ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ರಂಗೋಲಿ ಪುಸ್ತಕಕ್ಕೆ ಚುಕ್ಕಿ ಜಾಲ ಬೇಕಿದ್ದರೆ ನನ್ನ ಆಯ್ಕೆ ಟೈಲ್ಡ್ ಕ್ಲೋನ್ಸ್, ಅಂದರೆ ಒಂದು ಆಕಾರದ ಪ್ರತಿಗಳನ್ನು ಸಾಲುಸಾಲಾಗಿ ಜೋಡಿಸುವ ಸೌಲಭ್ಯ. ಎಡಿಟ್ ಮೆನುವಿನ ಕ್ಲೋನ್ ಅಡಿಯಲ್ಲಿದೆ. ಒಂದು ಚುಕ್ಕಿ ಬರೆದು, ಎಷ್ಟು ಸಾಲು, ಎಷ್ಟು ಕಂಬಸಾಲು ಎಂದು ಕೊಟ್ಟರೆ ಸಾಕು. ಸಂದು ಚುಕ್ಕಿಗೆ (ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಸಾಲಿನ ಚುಕ್ಕಿ ಬರುವಂತೆ) ಶಿಫ್ಟ್ ಟ್ಯಾಬ್‌ನಲ್ಲಿ ಚುಕ್ಕಿಗಳ ಅಂತರದ ಅರ್ಧದಷ್ಟು ಸಾಲು ಸರಿಸಿ, ಆಲ್ಟರ್ನೇಟ್ ಗುರುತು ಹಾಕಿ. ಒಂದು ಸಾಲು ಬಿಟ್ಟು ಒಂದು ಸರಿಯುತ್ತದೆ. ಮೂಲ ಚುಕ್ಕಿಯ ಆಕಾರ ಬದಲಿಸಿದರೆ ಎಲ್ಲವೂ ಬದಲಾಗುತ್ತವೆ, ಇದೇ ಇದರ ದೊಡ್ಡ ಬಲ. ಬೇಡದ ಚುಕ್ಕಿಯನ್ನು ಅಳಿಸಲೂಬಹುದು. ಆದರೆ ಅಂತರ ಬದಲಿಸಬೇಕೆಂದರೆ ಹಳೆಯದನ್ನು ತೆಗೆದು ಮತ್ತೆ ರಚಿಸಬೇಕು. ಸಾವಿರಗಟ್ಟಲೆ ಪ್ರತಿಗಳಾದರೆ ಕಂಪ್ಯೂಟರ್ ನಿಧಾನವಾಗುತ್ತದೆ.

ಪ್ಯಾಟರ್ನ್ ಫಿಲ್ ಹಿನ್ನೆಲೆ ತುಂಬಲು ಚೆನ್ನ. ಚುಕ್ಕಿಯನ್ನು ಪ್ಯಾಟರ್ನ್ ಆಗಿಸಿದರೆ ಯಾವ ಆಕಾರದೊಳಗೂ ತಾನೇ ಹರಡುತ್ತದೆ, ಕಡತವೂ ಹಗುರ. ನೋಡ್ ಟೂಲ್ ಆರಿಸಿ ಪ್ಯಾಟರ್ನ್‌ನ ಹಿಡಿಗಳನ್ನು ಎಳೆದರೆ ಇಡೀ ಜಾಲ ಹಿಗ್ಗುತ್ತದೆ, ತಿರುಗುತ್ತದೆ. 2023ರ 1.3 ಆವೃತ್ತಿಯಿಂದ ಅಂತರವನ್ನೂ ಫಿಲ್ ಅಂಡ್ ಸ್ಟ್ರೋಕ್ ಫಲಕದಲ್ಲೇ ತಿದ್ದಬಹುದು. ಒಂದೊಂದೇ ಚುಕ್ಕಿ ಮುಟ್ಟಲು ಮಾತ್ರ ಆಗದು. ಸಂದು ಚುಕ್ಕಿ ಬೇಕಾದರೆ ಮೂಲ ತುಣುಕಿನಲ್ಲೇ ಓರೆಯಾಗಿ ಎರಡು ಚುಕ್ಕಿ ಇಡಬೇಕು.

ಲೇಸರ್ ಕಟಿಂಗ್‌ಗೆ ಕೊಡುವುದಿದ್ದರೆ ಕ್ಲೋನ್ಸ್ ಮಾಡಿ, ಅನ್‌ಲಿಂಕ್ ಮಾಡಿಯೇ (ಮೂಲ ಚುಕ್ಕಿಯ ಕೊಂಡಿ ಕಳಚಿ, ಪ್ರತಿಯೊಂದನ್ನೂ ಸ್ವತಂತ್ರ ಆಕಾರವಾಗಿಸಿ) ಕಳಿಸಿ.