ಶೆಲ್‌ಚೆಕ್: ಕೋಟ್ ಹಾಕೋದು ಮರೆಯೋ ನನ್ನಂಥವ್ರಿಗೆ

ಶೆಲ್‌ಚೆಕ್ ಅಂದ್ರೆ ಶೆಲ್ ಸ್ಕ್ರಿಪ್ಟಲ್ಲಿ ತಪ್ಪು ಹುಡ್ಕಿ ತೋರ್ಸೋ ಟೂಲು, ಹಾಕ್ಕೊಂಡು ಎರಡು ತಿಂಗ್ಳಾಯ್ತು, ಕಾರಣ ಒಂದು ಸ್ಟಾರು (*). ರಾತ್ರಿ ಓಡೋ ಒಂದು ಬ್ಯಾಶ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡುಗಳ ಫೈಲು) ಇದೆ ನಂದು, ಬ್ಯಾಕಪ್ ಮುಗಿದ್ಮೇಲೆ ಮೇಲ್ ಕಳ್ಸತ್ತೆ, ಮೆಸೇಜ್ ಎದ್ದು ಕಾಣ್ಲಿ ಅಂತ ಹಿಂದೆ ಮುಂದೆ ಒಂದೊಂದು * ಹಾಕಿ ವೇರಿಯಬಲ್‌ನಲ್ಲಿಟ್ಟು ಎಕೋ (ಪ್ರಿಂಟ್ ಮಾಡೋ ಕಮಾಂಡು) ಮಾಡಿದ್ದೆ. ಬೆಳಿಗ್ಗೆ ಮೇಲ್ ತೆಗೆದ್ರೆ "ಬ್ಯಾಕಪ್ ಆಯ್ತು" ಅನ್ನೋದ್ರ ಎರಡೂ ಕಡೆ ಫೋಲ್ಡರಲ್ಲಿದ್ದ ಅಷ್ಟೂ ಫೈಲ್ ಹೆಸ್ರು, ಮದ್ವೆ ಕಾರ್ಡಲ್ಲಿ ಸುಖಾಗಮನ ಬಯಸುವವರ ಥರ ಸಾಲಾಗಿ ನಿಂತಿವೆ! ಕೋಟ್ (" ಅಥವಾ ' ಚಿಹ್ನೆ) ಇಲ್ದೇ ಬಿಡಿಯಾಗಿರೋ ಸ್ಟಾರ್ ಅಂದ್ರೆ ಬ್ಯಾಶಿಗೆ ಫೋಲ್ಡರಲ್ಲಿರೋ ಎಲ್ಲಾ ಫೈಲ್ ಹೆಸ್ರು. ನಾನು ಟೆಸ್ಟ್ ಮಾಡಿದ್ದು ಖಾಲಿ ಫೋಲ್ಡರಲ್ಲಿ, ಅಲ್ಲಿ ಮ್ಯಾಚ್ ಆಗೋಕೆ ಏನೂ ಇರ್ಲಿಲ್ಲ, ಬ್ಯಾಶ್ ಸ್ಟಾರನ್ನ ಹಾಗೇ ಬಿಟ್ಟಿತ್ತು.

ವೇರಿಯಬಲ್‌ಗೆ ಹಾಕೋವಾಗ ಕೋಟ್ ಇತ್ತಲ್ಲ ಮತ್ತೇನು ಅಂತ ತಲೆ ಕೆರ್ಕೊಂಡೆ, ಡಬಲ್ ತೆಗೆದು ಸಿಂಗಲ್ ಹಾಕ್ದೆ, ಅದೇ ಕಥೆ. ಕೊನೆಗೆ ಶೆಲ್‌ಚೆಕ್ ಸೈಟಲ್ಲಿ ಪೇಸ್ಟ್ ಮಾಡಿದ್ರೆ ಸೀದಾ ಎಕೋ ಲೈನ್ ಕೆಳಗೆ ಗೆರೆ ಎಳೀತು, ಎಸ್‌ಸಿ2086 (ಆ ತಪ್ಪಿಗೆ ಶೆಲ್‌ಚೆಕ್ ಕೊಟ್ಟಿರೋ ನಂಬರು), ಇಲ್ಲಿ ಡಬಲ್ ಕೋಟ್ ಹಾಕು ಅಂತ. ಸ್ಟಾರ್ ಬಿಚ್ಕೊಳ್ಳೋದು ಇಡೋವಾಗ ಅಲ್ಲ, ಬಳಸೋವಾಗ. ಇಷ್ಟು ವರ್ಷ ಸ್ಕ್ರಿಪ್ಟ್ ಬರ್ದು ಇದು ಗೊತ್ತಿರ್ಲಿಲ್ಲ ಅಂದ್ರೆ ನಾಚ್ಕೆ, ಇರ್ಲಿ.

ಫ್ರೀ ಟೂಲು, ಹ್ಯಾಸ್ಕೆಲ್ ಭಾಷೇಲಿ ಬರ್ದಿರೋದು, ಉಬುಂಟುಲಿ ಆಪ್ಟ್ (ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋ ಕಮಾಂಡು) ನಿಂದ್ಲೇ ಸಿಗತ್ತೆ. ಒಂದೊಂದು ನಂಬರಿಗೂ ವಿಕಿ ಪುಟ ಇದೆ, ತಪ್ಪು ಕೋಡು ಸರಿ ಕೋಡು ಎರಡೂ ಕೊಟ್ಟಿರ್ತಾರೆ. ಹಳೇ ಸ್ಕ್ರಿಪ್ಟ್ ಮೇಲೆ ಓಡ್ಸಿದಾಗ ಎಸ್‌ಸಿ2115 ಬಂತು, ಫೈಲ್ ಅಳಿಸೋ ಆರ್‌ಎಂ ಕಮಾಂಡ್ ಮುಂದೆ ವೇರಿಯಬಲ್, ಆಮೇಲೆ /*, ಆ ವೇರಿಯಬಲ್ ಏನಾದ್ರೂ ಖಾಲಿ ಆಗಿದ್ರೆ ರೂಟ್‌ನಿಂದ್ಲೇ (ಇಡೀ ಸಿಸ್ಟಮ್ಮಿನ ಮೇಲಿನ ಫೋಲ್ಡರು) ಗುಡಿಸ್ಕೊಂಡು ಹೋಗ್ತಿತ್ತು, ನೋಡಿ ಬೆವರು ಬಂತು.

ಬೇಜಾರುಗಳೂ ಇವೆ. ಈ 2086ನ ಬರೀ "ಇನ್ಫೋ" ಲೆವೆಲಲ್ಲಿ ಇಟ್ಟಿದಾರೆ, ವಾರ್ನಿಂಗ್‌ನಿಂದ ಮೇಲಿಂದು ಮಾತ್ರ ತೋರ್ಸು ಅಂದ್ರೆ ಇದೇ ಮಾಯ. ಬ್ಯಾಶ್ ಥರದ್ದೇ ಇನ್ನೊಂದು ಶೆಲ್ಲಾದ ಝಡ್‌ಶೆಲ್‌ಗೆ ಸಪೋರ್ಟ್ ಇಲ್ಲ (ಅಲ್ಲಿ ವೇರಿಯಬಲ್ ಒಳಗಿನ ಸ್ಟಾರ್ ಸುಮ್ನೆ ಬಿಚ್ಕೊಳ್ಳಲ್ಲ ಬಿಡಿ). ಮತ್ತೆ ಹೇಳ್ದಲ್ಲೆಲ್ಲಾ ಕಣ್ಮುಚ್ಕೊಂಡು ಕೋಟ್ ಹಾಕೋ ಹಾಗಿಲ್ಲ, ಫೈಲ್ ಕಾಪಿ ಮಾಡೋ ಆರ್‌ಸಿಂಕ್ ಕಮಾಂಡಿನ ಆಪ್ಷನ್‌ಗಳ್ನೆಲ್ಲಾ ಒಂದೇ ವೇರಿಯಬಲ್‌ನಲ್ಲಿಟ್ಟಿದ್ದೆ, ಕೋಟ್ ಹಾಕಿದ್ ತಕ್ಷಣ ಅಷ್ಟೂ ಸೇರಿ ಒಂದೇ ಪದ ಆಗಿ ಎರರ್ ಬಂತು, ಅದಕ್ಕೆ ಅರೇ (ಒಂದೊಂದನ್ನೂ ಬೇರೆಬೇರೆ ಇಡೋ ಪಟ್ಟಿ) ಮಾಡ್ಕೋಬೇಕು. ಸ್ಕ್ರಿಪ್ಟ್ ಮೇಲ್ಗಡೆ ಸೆಟ್ -ಎಫ್ ಹಾಕ್ಬಿಡು, ಸ್ಟಾರ್ ಎಲ್ಲೂ ಬಿಚ್ಕೊಳ್ಳಲ್ಲ ಅಂದ ಫ್ರೆಂಡು, ಹಾಕಿದ್ರೆ ಲಾಗ್ ಫೈಲ್ ಸುತ್ತೋ ಫಾರ್ ಲೂಪೇ ನಿಂತೋಯ್ತು, ಅಲ್ಲಿ ಸ್ಟಾರ್ ಬೇಕಿತ್ತಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ, ಕೋಟ್ ಒಳಗೇ: "****"