ವಿಕ್ಟ್ರಾನ್ ಓರಿಯನ್-ಟಿಆರ್ ಸ್ಮಾರ್ಟ್ 12/12-30: ಚಾರ್ಜರ್ ಗಟ್ಟಿ, ವೈರಿಂಗ್ ನಿಮ್ಮ ಕೈಯಲ್ಲಿ

ಪ್ರವಾಸದ ಗಾಡಿಯಲ್ಲಿ ಎರಡನೇ ಬ್ಯಾಟರಿ, ಫ್ರಿಜ್ ಇಟ್ಟುಕೊಳ್ಳುವವರಿಗೆ ಧೈರ್ಯವಾಗಿ ಹೇಳಬಹುದಾದ ಚಾರ್ಜರ್ ಇದು; ಗಾಡಿ ಓಡುವಾಗ ಎಂಜಿನ್ ಕಡೆಯ ಕರೆಂಟಿನಿಂದ ಎರಡನೇ ಬ್ಯಾಟರಿ ತುಂಬಿಸುತ್ತದೆ. ಎರಡೂ ಬ್ಯಾಟರಿಗಳನ್ನು ನೇರ ಜೋಡಿಸುವ ಸ್ವಿಚ್, ಅಂದರೆ ಬರೀ ರಿಲೇ ಹಾಕಿದರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ಕೊಟ್ಟಷ್ಟೇ ವೋಲ್ಟೇಜ್ ಸಿಗುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಅದನ್ನು ಇಳಿಸಿಬಿಟ್ಟರೆ ಎರಡನೇ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಓರಿಯನ್ ವೋಲ್ಟೇಜ್ ಏರಿಸಿ, ಹಂತಹಂತವಾಗಿ 30 ಆಂಪಿಯರ್‌ವರೆಗೆ ತುಂಬಿಸುತ್ತದೆ. ಎಂಜಿನ್ ನಿಂತದ್ದನ್ನು ತಾನೇ ಗುರುತಿಸಿ ಚಾರ್ಜಿಂಗ್ ನಿಲ್ಲಿಸುತ್ತದೆ. ಬ್ಯಾಟರಿಯ ಬಗೆಯನ್ನು ಮೊಬೈಲಿನಲ್ಲೇ ಆರಿಸಬಹುದು. ಇದನ್ನು ಮರೆಯಬೇಡಿ, ಎಜಿಎಂಗೂ (ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿ) ಲಿಥಿಯಂಗೂ ಒಂದೇ ಲೆಕ್ಕ ನಡೆಯದು.

ಕೊರತೆ ಎಂದರೆ ಬಿಸಿ. ಸುತ್ತಲಿನ ಗಾಳಿ 40 ಡಿಗ್ರಿ ದಾಟಿದರೆ ಕರೆಂಟ್ ಇಳಿಯುತ್ತಾ ಹೋಗುತ್ತದೆ. ಬಾನೆಟ್ ಒಳಗೆ ಬೇಡವೇ ಬೇಡ. ಎರಡನೇ ಬ್ಯಾಟರಿಯ ಹತ್ತಿರ, ಗಾಳಿಯಾಡುವ ಕಡೆ ಕೂರಿಸಿ. ಸೋಲಾರ್ ಇದಕ್ಕೆ ಸೇರದು, ಅದಕ್ಕೆ ಬೇರೆ ಕಂಟ್ರೋಲರ್ ಬೇಕು. ಮುಂದಿನ ಎಂಜಿನ್ ಬ್ಯಾಟರಿಯಿಂದ ಬರುವ ಕೇಬಲ್ 16 ಚದರ ಮಿಲಿಮೀಟರ್ ಇರಲಿ, ಟರ್ಮಿನಲ್ ಹಿಡಿಯುವುದೂ ಅಷ್ಟನ್ನೇ. ಎರಡೂ ಬ್ಯಾಟರಿಗಳ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಹಾಕಿ.

ಜನ ಎಡವುವುದು ಫ್ರಿಜ್ ವೈರಿನಲ್ಲಿ. 5 ಮೀಟರ್ ದೂರ ಎಂದರೆ ಹೋಗಿ ಬರಲು 10 ಮೀಟರ್ ತಾಮ್ರ. 1.5 ಚದರ ಮಿಲಿಮೀಟರ್ ವೈರಿನಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರ್‌ನಲ್ಲಿ 0.15 ಮಾತ್ರ. ಬ್ಯಾಟರಿ 12.2 ತೋರಿಸುತ್ತಿದ್ದರೂ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಫ್ರಿಜ್ ಕಟ್ ಆಗುವುದು ಇದರಿಂದಲೇ. ಸಿಗರೇಟ್ ಸಾಕೆಟ್ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯಾಗುತ್ತದೆ, ಬಿಗಿಯಾಗಿ ಕೂರುವ, ಹೆಚ್ಚು ಕರೆಂಟ್ ತಡೆಯುವ ಆ್ಯಂಡರ್ಸನ್ ಪ್ಲಗ್ ಹಾಕಿಸಿ. ಫ್ರಿಜ್ ಓಡುತ್ತಿರುವಾಗಲೇ ಅದರ ಪ್ಲಗ್ ಬಳಿ ವೋಲ್ಟ್ ಮೀಟರ್ ಹಿಡಿದು ನೋಡಿ.