ಜೆಟ್ಟಿಯ ಟೈರ್ ನಂಬಿ ಪಾಂಟೂನ್ ದೋಣಿ ಬಿಟ್ಟು ಬರಬೇಡಿ

ಶರಾವತಿ ಹಿನ್ನೀರಿನಲ್ಲಿ ಪಾಂಟೂನ್ ದೋಣಿ ಇಟ್ಟುಕೊಂಡಿರುವವರೂ ಹೊಸದಾಗಿ ಕೊಳ್ಳಲು ಹೊರಟಿರುವ ಹೋಮ್‌ಸ್ಟೇಯವರೂ ಇದನ್ನು ದಯವಿಟ್ಟು ಓದಿ. ಮಳೆಗಾಲದಲ್ಲಿ ದೋಣಿಯನ್ನು ಬಾಡಿಗೆ ಜೆಟ್ಟಿಯಲ್ಲಿ ಕಟ್ಟುವಾಗ, ಅಲ್ಲಿ ಸಾಲಾಗಿ ಟೈರ್ ನೇತುಹಾಕಿದ್ದಾರೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತೆಯಿಂದ ಮನೆಗೆ ಮರಳಬೇಡಿ. ನಮ್ಮ ದೋಣಿಗೆ ಆದದ್ದು ಇನ್ನೊಬ್ಬರ ದೋಣಿಗೆ ಆಗಬಾರದು.

ನಮ್ಮದು ಇಪ್ಪತ್ತು ಅಡಿಯ ದೋಣಿ. ಎರಡು ಅಲ್ಯೂಮಿನಿಯಂ ಕೊಳವೆ, ಅವುಗಳ ಮೇಲೆ ಅಟ್ಟ, ಸುತ್ತ ಕಂಬಿಬೇಲಿ. ಮಳೆಗಾಲ ಮುಗಿಯುವವರೆಗೆ ಸಾಗರ ಪಟ್ಟಣದ ಕಡೆಯ ದಡದ ಒಂದು ಜೆಟ್ಟಿಯಲ್ಲಿ ಕಟ್ಟಿಸಿದೆವು. ಕಟ್ಟುವಾಗ ಜೆಟ್ಟಿಯ ಬದಿಗೆ, ದೋಣಿ ಜೆಟ್ಟಿಗೆ ಬಡಿಯದಂತೆ ನಡುವೆ ಮೆತ್ತೆಯಾಗಿ ತೂಗುವ ನಾಲ್ಕು ಫೆಂಡರ್‌ಗಳನ್ನು ಅಟ್ಟದ ಕೆಳಚೌಕಟ್ಟಿಗೆ ಬಿಗಿದು, ಎತ್ತರ ಹೊಂದಿಸಿ, ನೀರು ಏರಿದಂತೆ ಹಗ್ಗ ಸಡಿಲಿಸಬೇಕೆಂದು ಹೇಳಿ, ತಿಂಗಳ ಬಾಡಿಗೆ ಮುಂಗಡ ಕೊಟ್ಟು ಬಂದೆವು. ನೋಡಿಕೊಳ್ಳುವುದು ತಮ್ಮ ಕೆಲಸ ಎಂದು ಅವರೂ ಒಪ್ಪಿದ್ದರು.

ಪುನರ್ವಸು ಮಳೆ ಹಿಡಿದು ನೀರು ಭರದಿಂದ ಏರತೊಡಗಿದಾಗ ಫೋನ್ ಬಂದದ್ದು ಜೆಟ್ಟಿಯವರಿಂದಲ್ಲ, ಅಲ್ಲಿ ಬಲೆ ಬೀಸುವ ಒಬ್ಬರಿಂದ. ದೋಣಿ ಒಂದು ಮಗ್ಗುಲಿಗೆ ವಾಲಿದೆ ಎಂದರು. ಹೋಗಿ ನೋಡಿದರೆ ನಮ್ಮ ನಾಲ್ಕೂ ಫೆಂಡರ್‌ಗಳು ಜೆಟ್ಟಿಯ ಉಗ್ರಾಣದ ಮೂಲೆಯಲ್ಲಿ, ನಾವು ಕಟ್ಟಿದ ನೀಲಿ ಹಗ್ಗದ ಸಮೇತ ಬಿದ್ದಿದ್ದವು. ಪಕ್ಕದ ದೋಣಿ ತೆಗೆಯುವಾಗ ಅಡ್ಡ ಬರುತ್ತಿದ್ದವಂತೆ. "ಟೈರ್ ಇದೆಯಲ್ಲ, ಮತ್ತೇನು ಬೇಕು?" ಎಂದು ನಮ್ಮನ್ನೇ ಕೇಳಿದರು. ಆ ಮಾತಿಗೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಟೈರ್ ಇದ್ದೂ ಏನಾಯಿತು ಎಂಬುದನ್ನು ಬಿಡಿಸಿ ಹೇಳಬೇಕು. ಟೈರನ್ನು ಕಟ್ಟಿರುವುದು ಜೆಟ್ಟಿಗೆ, ದೋಣಿಗಲ್ಲ. ನೀರು ಏರಿದರೆ ದೋಣಿ ಏರುತ್ತದೆ, ಟೈರ್ ಇದ್ದಲ್ಲೇ ಮುಳುಗುತ್ತದೆ. ಈ ಹಿನ್ನೀರನ್ನು ತಡೆದು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೇಸಿಗೆಯ ತಳಮಟ್ಟದಿಂದ ಅಲ್ಲಿಯವರೆಗೆ ನೀರು ಹತ್ತಾರು ಅಡಿ ಏರುವ ಜಾಗದಲ್ಲಿ, ಕಂಬಕ್ಕೆ ಒಂದೇ ಎತ್ತರದಲ್ಲಿ ಜಡಿದ ಟೈರ್ ಎಷ್ಟು ದಿನ ಉಪಯೋಗಕ್ಕೆ ಬಂದೀತು? ನಮ್ಮ ದೋಣಿಯ ಅಟ್ಟದ ಅಂಚು ಟೈರ್ ದಾಟಿ ಮೇಲೆ ಬಂದು ಜೆಟ್ಟಿಯ ಕಬ್ಬಿಣದ ಪಟ್ಟಿಗೆ ನೇರವಾಗಿ ಬಡಿಯತೊಡಗಿದೆ. ಕೆಳಗೆ ಕೊಳವೆಯ ಹೊಟ್ಟೆಗೆ, ಟೈರನ್ನು ಹಿಡಿದಿದ್ದ ಬೋಲ್ಟಿನ ತಲೆ ಸಿಕ್ಕಿದೆ. ಪಡುವಣ ಗಾಳಿ ಬೀಸಿದಾಗಲೆಲ್ಲ ಅಲೆ ದೋಣಿಯನ್ನು ಎತ್ತಿ ಅದೇ ಜಾಗಕ್ಕೆ ಉಜ್ಜಿದೆ.

ದಡಕ್ಕೆ ಎಳೆದ ಮೇಲೆ ಆ ಜಾಗದ ಮೇಲೆ ಬೆರಳಾಡಿಸಿದೆ. ಬೋಲ್ಟಿನ ಆರು ಮೂಲೆಗಳ ಅಚ್ಚು ಒಂದರ ಮೇಲೊಂದು ಬಿದ್ದು, ಮೊಳದುದ್ದದ ತಗ್ಗು. ಸುತ್ತಲಿನ ಅಲ್ಯೂಮಿನಿಯಂ ಮಂಕಾಗಿದ್ದರೆ ಅಲ್ಲಿ ಮಾತ್ರ ಹೊಸ ಲೋಹದ ಹೊಳಪು. ತಗ್ಗಿನ ತುದಿ ಬೆಸುಗೆಯ ಗೆರೆಗೆ ತಾಗಿದಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ನೀರು ಜಿನುಗುತ್ತಿತ್ತು. ಕೊಳವೆಯೊಳಗೆ ಅಡ್ಡಗೋಡೆಗಳಿದ್ದು ಬೇರೆ ಬೇರೆ ಕೋಣೆಗಳಾಗಿದ್ದುದರಿಂದ ಮುಂದಿನ ಕೋಣೆ ಮಾತ್ರ ತುಂಬಿತ್ತು. ಇಲ್ಲವಾಗಿದ್ದರೆ ದೋಣಿಯ ಒಂದು ಬದಿ ಪೂರ್ತಿ ಮುಳುಗುತ್ತಿತ್ತು. ಬೇಲಿಯ ಎರಡು ಕಂಬಿಗಳು ಒಳಕ್ಕೆ ಬಾಗಿದ್ದವು.

ಟೈರ್ ಸಾಕು ಎಂಬ ನಂಬಿಕೆ ನಮ್ಮಲ್ಲಿ ಎಲ್ಲಿಂದ ಬಂತೆಂದು ಯೋಚಿಸಿದ್ದೇನೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವವರೆಗೆ ಸಿಗಂದೂರಿಗೆ ಹೋಗುವವರೆಲ್ಲ ಹೊಳೆಬಾಗಿಲಿನ ಲಾಂಚ್ ನೋಡಿಕೊಂಡೇ ಬೆಳೆದವರು. ಅದು ಉಕ್ಕಿನ ಮೈ, ಬಸ್ಸನ್ನೇ ಹೊರುವ ಗಟ್ಟಿ. ದಡದ ಇಳಿಜಾರಿಗೆ ಮೂತಿ ಒರಗಿಸಿ ನಿಲ್ಲುತ್ತಿದ್ದ ಲಾಂಚಿಗೆ ಗೀರು ಬಿದ್ದರೂ ಚಿಂತೆಯಿರಲಿಲ್ಲ. ಪಾಂಟೂನ್ ಕೊಳವೆಯ ತಗಡು ಸಾಮಾನ್ಯವಾಗಿ ಎರಡು, ಎರಡೂವರೆ ಮಿಲಿಮೀಟರ್ ದಪ್ಪ, ಅಷ್ಟೇ. ಲಾಂಚಿಗೆ ನಡೆದದ್ದು ಇದಕ್ಕೆ ನಡೆಯುವುದಿಲ್ಲ. ಹಳೆಯ ಲಾರಿ ಟೈರಿನ ರಬ್ಬರ್ ಸವೆದು ಒಳಗಿನ ತಂತಿ ಹೊರಬಂದಿದ್ದರಂತೂ ಅದೇ ಅರದಂತೆ ಕೆಲಸ ಮಾಡುತ್ತದೆ.

ಜೆಟ್ಟಿಯವರು ಪುಟ್ಟಿ ಮೆತ್ತಿಸಿಕೊಡುತ್ತೇವೆ ಎಂದರು. ಒಪ್ಪಲಿಲ್ಲ. ಎಂಜಿನ್ ನಡುಕಕ್ಕೆ ಪುಟ್ಟಿ ಬಿಟ್ಟುಕೊಂಡರೆ ಅಷ್ಟರಲ್ಲಿ ಅತಿಥಿಗಳು ನಡುನೀರಿನಲ್ಲಿರುತ್ತಾರೆ. ಗೇಟು, ಗ್ರಿಲ್ ಮಾಡುವ ಮಾಮೂಲಿ ವೆಲ್ಡಿಂಗ್ ಶಾಪಿನಲ್ಲಿ ಈ ಕೆಲಸ ಆಗುವುದಿಲ್ಲ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ಉಜ್ಜಿ ತೆಗೆದು, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯಬೇಕು. ಅದಕ್ಕೂ ಮೊದಲು ಕೋಣೆಯ ನೀರು ಬಸಿದು ಪೂರ್ತಿ ಒಣಗಿಸಬೇಕು. ಟ್ರೇಲರ್ ಮೇಲೆ ಶಿವಮೊಗ್ಗಕ್ಕೆ ಸಾಗಿಸಿ ಬೆಸೆಸಿದೆವು. ಬಳಿಕ ಕೋಣೆಗೆ ಹಗುರ ಒತ್ತಡದ ಗಾಳಿ ತುಂಬಿಸಿ, ಬೆಸುಗೆಯ ಮೇಲೆ ಸೋಪುನೀರು ಹಚ್ಚಿ ಗುಳ್ಳೆ ಏಳದಿರುವುದನ್ನು ಕಣ್ಣಾರೆ ನೋಡಿಯೇ ದೋಣಿ ತಂದದ್ದು. ಖರ್ಚು ಪೂರಾ ನಮ್ಮದೇ. ಮಳೆ ಗಾಳಿಯಿಂದಾಗುವ ಹಾನಿಗೆ ತಾವು ಹೊಣೆಯಲ್ಲ ಎಂದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆಯಂತೆ. ಮಳೆ ನಮ್ಮ ಫೆಂಡರ್ ಬಿಚ್ಚಿತೇ?

ಹಾಗಾದರೆ ಹೇಗೆ ಕಟ್ಟಬೇಕು? ಫೆಂಡರ್ ದೋಣಿಗೇ ಇರಬೇಕು, ದೋಣಿಯೊಂದಿಗೇ ಏರಿಳಿಯಬೇಕು. ಸಿಲಿಂಡರ್ ಆಕಾರದ್ದಾದರೆ ದೋಣಿಯ ನಾಲ್ಕೈದು ಅಡಿ ಉದ್ದಕ್ಕೆ ಒಂದು ಇಂಚು ವ್ಯಾಸ ಎಂಬುದು ರೂಢಿಯ ಲೆಕ್ಕ. ಇಪ್ಪತ್ತು ಅಡಿಯ ದೋಣಿಗೆ ನಾಲ್ಕೈದು ಇಂಚು ಬರುತ್ತದೆ, ಆದರೆ ಹಿನ್ನೀರಿನ ಬಯಲು ಗಾಳಿಗೆ ನಾನು ಎಂಟಕ್ಕಿಂತ ಕಡಿಮೆ ಹಾಕುವುದಿಲ್ಲ. ಬೇಲಿಯ ಮೇಲ್ಕಂಬಿಗೆ ಕಟ್ಟಬೇಡಿ. ಕಂಬಿ ತೆಳು, ಫೆಂಡರ್ ಜಗ್ಗಿದರೆ ಬಾಗುತ್ತದೆ, ಜೊತೆಗೆ ಉದ್ದ ಹಗ್ಗದಲ್ಲಿ ಫೆಂಡರ್ ತೂಗಾಡಿ ಅಲೆ ಬಂದಾಗ ಮೇಲಕ್ಕೆ ಹಾರುತ್ತದೆ. ಅಟ್ಟದ ಚೌಕಟ್ಟಿಗೆ ಗಿಡ್ಡ ಹಗ್ಗದಲ್ಲಿ ಬಿಗಿದು, ಅಟ್ಟದ ಅಂಚೂ ಕೊಳವೆಯ ಮೇಲ್ಭಾಗವೂ ಎರಡೂ ಮುಚ್ಚುವಂತೆ ಹೊಂದಿಸಿ. ಅಂಚಿನ ಮೂಲೆಗೆ ಕೂರುವ, ಪಾಂಟೂನಿಗೆಂದೇ ಮಾಡಿದ ಫೆಂಡರ್ ಸಿಕ್ಕರೆ ಇನ್ನೂ ಒಳ್ಳೆಯದು. ಜೆಟ್ಟಿಗೆ ಗೋಡೆಯಿಲ್ಲದೆ ಬಿಡಿ ಕಂಬಗಳಷ್ಟೇ ಇದ್ದರೆ ಫೆಂಡರ್ ಕಂಬದಿಂದ ಜಾರಿ ಆಚೀಚೆ ಹೋಗುತ್ತದೆ. ಆಗ ಎರಡು ಫೆಂಡರ್‌ಗಳ ಹೊರಗೆ ಅಡ್ಡಲಾಗಿ ಒಂದು ಗಟ್ಟಿ ಹಲಗೆ ತೂಗುಬಿಡಿ, ಕಂಬಕ್ಕೆ ಹಲಗೆ ಉಜ್ಜಲಿ.

ಅದಕ್ಕಿಂತ ಭಯದ ಸಂಗತಿ ಇನ್ನೊಂದಿದೆ. ನೀರು ತಗ್ಗಿದ್ದಾಗ ಅಟ್ಟದ ಮೂಲೆ ಜೆಟ್ಟಿಯ ತೊಲೆಯ ಅಡಿಗೆ ನುಸುಳಿದರೆ, ನೀರು ಏರುವಾಗ ದೋಣಿಗೆ ಮೇಲೇಳಲು ದಾರಿಯಿರುವುದಿಲ್ಲ. ಮೂಲೆ ಮುರಿಯುತ್ತದೆ, ಇಲ್ಲವೇ ದೋಣಿ ಮಗುಚುತ್ತದೆ. ಹಾಗಾಗಿ ಮುಂದೆ ಹಿಂದೆ ಎರಡು ಹಗ್ಗ ಸಾಲದು, ದೋಣಿ ಉದ್ದಕ್ಕೆ ಜಾರದಂತೆ ಓರೆಯಾಗಿ ಇನ್ನೆರಡು ಬೇಕೇ ಬೇಕು. ಡ್ರಮ್ಮುಗಳ ಮೇಲೆ ತೇಲುವ ಜೆಟ್ಟಿ ಹತ್ತಿರದಲ್ಲಿದ್ದರೆ ಬಾಡಿಗೆ ಹೆಚ್ಚಾದರೂ ಅದನ್ನೇ ಆರಿಸಿ. ನೀರಿನೊಂದಿಗೆ ಅದೂ ಏರಿಳಿಯುವುದರಿಂದ ಹೊಂದಿಸಿದ ಎತ್ತರ ತಪ್ಪುವುದಿಲ್ಲ.

ಬಿಟ್ಟು ಬರುವ ಮೊದಲು ರಸೀದಿಯ ಹಿಂಬದಿ ಓದಿ. ಎಷ್ಟು ಫೆಂಡರ್, ಎಲ್ಲೆಲ್ಲಿ ಕಟ್ಟಿದೆ, ನಮ್ಮನ್ನು ಕೇಳದೆ ಬಿಚ್ಚುವಂತಿಲ್ಲ, ಹಗ್ಗ ಸಡಿಲಿಸುವವರು ಯಾರು ಎಂಬುದನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕೊಳವೆಗಳ ಎರಡೂ ಬದಿಯ ಫೋಟೋಗಳನ್ನು ತಾರೀಖು ಕಾಣುವಂತೆ ತೆಗೆದು ಅವರ ಮೊಬೈಲಿಗೂ ಕಳಿಸಿ. ಸಹಿ ಹಾಕಲು ಹಿಂದೆಮುಂದೆ ನೋಡುವ ಜೆಟ್ಟಿಯಲ್ಲಿ ದೋಣಿ ಕಟ್ಟಬೇಡಿ.